ಕಾರಿನ ಕೀಲಿಕೈ ಯಾರ ಬಳಿ ಇರಬೇಕು?

ವರ್ಷಾಂತ್ಯದ ಕೂಟಗಳಲ್ಲಿ ನಾನು ಕುಡಿಯುತ್ತೇನೆ, ಮುಚ್ಚಿಡುವುದೇನಿಲ್ಲ. ಕುಡಿದ ಮೇಲೆ ಮನೆ ಸೇರುವುದು ಹೇಗೆ ಎಂಬುದಕ್ಕೆ ಮಾತ್ರ ನಾಲ್ಕೈದು ವರ್ಷಗಳಿಂದ ಒಂದೊಂದು ಸಲ ಒಂದೊಂದು ಉಪಾಯ ಮಾಡಿ ನೋಡಿದ್ದೇನೆ. ಅವುಗಳನ್ನು ನಾನು ತೂಗುವುದು ಒಂದೇ ತಕ್ಕಡಿಯಲ್ಲಿ: ತೀರ್ಮಾನ ಆಗುವುದು ಮೊದಲ ಲೋಟಕ್ಕೆ ಮುಂಚೆಯೋ, ಕೊನೆಯ ಲೋಟದ ನಂತರವೋ? ಮದ್ಯ ಮೊದಲು ಕೈಯಿಡುವುದು ವಿವೇಚನೆಯ ಮೇಲೆ. ಕಾಲು ತಡವರಿಸುವುದು ಆಮೇಲೆ. 'ನಾನು ಸರಿಯಾಗಿಯೇ ಇದ್ದೇನೆ' ಎಂದು ಹೇಳುವ ಸಾಕ್ಷಿಯೇ ಕುಡಿದಿರುತ್ತಾನೆ.

ಮೊದಲು ನಂಬಿದ್ದು ಉಸಿರು ಊದಿ ನೋಡುವ ಪುಟ್ಟ ಯಂತ್ರವನ್ನು. ಐದು ನಿಮಿಷದೊಳಗೆ ಮೂರು ಸಲ ಊದಿದೆ, ಮೂರು ಬೇರೆ ಅಂಕಿ ಬಂತು. ಆಗಷ್ಟೇ ಕುಡಿದಿದ್ದರೆ ಬಾಯಲ್ಲಿ ಉಳಿದ ಮದ್ಯವೇ ಅಂಕಿಯನ್ನು ಏರಿಸುತ್ತದೆ. ಹದಿನೈದು ನಿಮಿಷವಾದರೂ ಕಾಯಬೇಕು. ಅಗ್ಗದ ಅರೆವಾಹಕ ಸಂವೇದಕವಂತೂ ದಿನ ಕಳೆದಂತೆ ಸರಿಯಳತೆ ಮರೆಯುತ್ತದೆ. ಇವೆಲ್ಲ ಸಣ್ಣ ದೋಷಗಳು. ದೊಡ್ಡದು ಇದು: ಕುಡಿಯುವುದನ್ನು ನಿಲ್ಲಿಸಿದ ಮೇಲೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ರಕ್ತದಲ್ಲಿ ಮದ್ಯ ಏರುತ್ತಲೇ ಇರಬಹುದು. ಹೊರಡುವಾಗ ಯಂತ್ರ 'ಪರವಾಗಿಲ್ಲ' ಎಂದದ್ದು ಅರ್ಧ ದಾರಿಯಲ್ಲಿ ಸುಳ್ಳಾಗುತ್ತದೆ. ಅಲ್ಲದೆ ಕಾನೂನಿನ ಮಿತಿಯೂ ಎಲ್ಲೆಡೆ ಒಂದೇ ಅಲ್ಲ. ನೂರು ಮಿಲಿಲೀಟರ್ ರಕ್ತಕ್ಕೆ ಭಾರತದಲ್ಲಿ 30 ಮಿಲಿಗ್ರಾಂ, ಫ್ರಾನ್ಸಿನಲ್ಲಿ 50, ಇಂಗ್ಲೆಂಡಿನಲ್ಲಿ 80. ರಸ್ತೆಯ ತಿರುವಿಗೆ ಈ ಯಾವ ಅಂಕಿಯ ಪರಿಚಯವೂ ಇಲ್ಲ. ನಮ್ಮ ಗುಂಪಿನಲ್ಲಂತೂ ಯಂತ್ರಕ್ಕೆ ಊದುವುದು ಯಾರ ಅಂಕಿ ಹೆಚ್ಚು ಎಂಬ ಪಂದ್ಯವಾಗಿ ಮುಗಿಯಿತು.

ಕುಡಿಯದ ಗೆಳೆಯನೊಬ್ಬ ಎಲ್ಲರನ್ನೂ ಮನೆ ತಲುಪಿಸುವುದು ಹಳೆಯ ಉಪಾಯ. ಬೆಲ್ಜಿಯಂನಲ್ಲಿ 1995ರ ಪ್ರಚಾರವೊಂದು ಇಂಥ ಚಾಲಕನಿಗೆ 'ಬಾಬ್' ಎಂದೇ ಹೆಸರಿಟ್ಟಿತು. ನಾವು ಮೊದಲ ಸಲ ಮಾಡಿದ್ದು ಅದರ ಅಣಕ: ಹೊರಡುವ ಹೊತ್ತಿಗೆ 'ಯಾರು ಕಡಿಮೆ ಕುಡಿದಿದ್ದೀರಿ?' ಎಂದು ಕೇಳಿದೆವು. ಎಲ್ಲರೂ ಕೈ ಎತ್ತಿದರು. ಮರುವರ್ಷ ಮೊದಲೇ ಒಬ್ಬನನ್ನು ನಿಗದಿ ಮಾಡಿದೆವು, ಕೆಲಸ ಆಯಿತು. ಆದರೆ ಪಾಪ, ಒಂದೇ ಹಾಸ್ಯವನ್ನು ನಾಲ್ಕನೆಯ ಸಲ ಕೇಳುತ್ತ ಕೂರುವುದು ಸುಲಭವಲ್ಲ. ಜೊತೆಗೆ 'ಒಂದರಿಂದ ಏನಾಗುತ್ತದೆ' ಎಂಬ ಒತ್ತಾಯ ಬೇರೆ. ಸರದಿ ಹಚ್ಚದಿದ್ದರೆ ಸ್ನೇಹಕ್ಕೇ ಕುತ್ತು.

ಟ್ಯಾಕ್ಸಿಯ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ನಡುರಾತ್ರಿಗೆ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ, ಬಾಡಿಗೆ ಏರುತ್ತದೆ, ಒಪ್ಪಿಕೊಂಡ ಗಾಡಿ ಕೈಕೊಡುತ್ತದೆ. ನಾನು ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತಿದ್ದೇನೆ. ಕಾರನ್ನೂ ತಂದಿದ್ದರೆ ಆ ಮುಕ್ಕಾಲು ಗಂಟೆಯೇ ಗಂಡಾಂತರ: ಕೀಲಿಕೈ ಜೇಬಿನಲ್ಲಿದೆ, ಕಾರು ಎದುರಿಗೇ ಇದೆ, ಬೆಳಿಗ್ಗೆ ಅದಕ್ಕಾಗಿ ಮತ್ತೆ ಬರಬೇಕು. ಕಾರನ್ನು ಮನೆಯಲ್ಲೇ ಬಿಟ್ಟು ಹೋದ ವರ್ಷ ಅದೇ ಕಾಯುವಿಕೆ ಬರೀ ಕಿರಿಕಿರಿಯಾಗಿತ್ತು, ಅಷ್ಟೇ. ನಮ್ಮ ಕಾರನ್ನೇ ಓಡಿಸಿಕೊಂಡು ಬರುವ ಬಾಡಿಗೆ ಚಾಲಕನನ್ನೂ ಒಮ್ಮೆ ಕರೆದಿದ್ದೆ. ಒಳ್ಳೆಯ ಏರ್ಪಾಡು, ಮುಂಗಡವಾಗಿ ಹೇಳಿಟ್ಟಿದ್ದರೆ.

ಅಲ್ಲೇ ಮಲಗುವುದು ಎಲ್ಲಕ್ಕಿಂತ ಸುರಕ್ಷಿತ ಎಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ನೂರು ಮಿಲಿಲೀಟರ್ ರಕ್ತದಲ್ಲಿರುವ ಮದ್ಯವನ್ನು ದೇಹ ಗಂಟೆಗೆ ಸರಾಸರಿ 15 ಮಿಲಿಗ್ರಾಂನಷ್ಟು ಇಳಿಸುತ್ತದೆ. ರಾತ್ರಿ ಹನ್ನೆರಡಕ್ಕೆ 150 ಇದ್ದವನಲ್ಲಿ ಬೆಳಿಗ್ಗೆ ಏಳಕ್ಕೂ 45 ಉಳಿದಿರುತ್ತದೆ, ಸ್ನಾನ ಮಾಡಿ ಬಟ್ಟೆ ಬದಲಿಸಿದ್ದರೂ. ಕಾಫಿ ಕುಡಿದರೆ ನಿದ್ದೆ ಹೋಗುತ್ತದೆ, ಮದ್ಯ ಹೋಗುವುದಿಲ್ಲ; ಎಚ್ಚರವಾಗಿರುವ ಕುಡುಕ ಸಿಗುತ್ತಾನೆ. ತಂಗಿದರೆ ಮಧ್ಯಾಹ್ನದ ಊಟದವರೆಗೂ ತಂಗಬೇಕು, ಆತಿಥೇಯರ ಮುಖ ನೋಡಿಕೊಂಡು.

ನನ್ನ ಮಟ್ಟಿಗೆ ಗೆದ್ದದ್ದು ಕಾರಿಲ್ಲದೆ ಹೋಗುವುದು, ಅದರ ಹಿಂದೆಯೇ ಸರದಿಯ ಗೆಳೆಯ. ಈ ವರ್ಷ ಆ ಸರದಿ ನನ್ನದು. ಉಸಿರಿನ ಯಂತ್ರ ಮೇಜಿನ ಡ್ರಾಯರಿನಲ್ಲಿದೆ. ಅದರ ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದ್ದೇನೆ.