ಪ್ರಾರ್ಥನೆ ಕೂಟದ ಹೆಂಗಸರಿಗೆ ವಾಟ್ಸಾಪ್ ಗ್ರೂಪ್: ಮೂರು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ಹಾಸನ, ಚಿಕ್ಕಮಗಳೂರು ಕಡೆ ಕ್ರೈಸ್ತ ಹೆಂಗಸರ ಪ್ರಾರ್ಥನೆ ಗ್ರೂಪ್ ನಡೆಸಲು ವಾಟ್ಸಾಪ್ ಸಾಕಾ ಎಂದು ಕೇಳುವವರಿಗೆ ಇದು. ಸಾಕು. ಆದರೆ ನಂಬರ್ ಸೇರಿಸಿದ ಮಾತ್ರಕ್ಕೆ ಯಾರೂ ಗೆಳತಿಯರಾಗುವುದಿಲ್ಲ.

ಇಲ್ಲಿನ ಕಷ್ಟ ದೂರದ್ದು. ಎರಡೂ ಜಿಲ್ಲೆಗೆ ಒಂದೇ ಕಥೋಲಿಕ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ), 1963ರಲ್ಲಿ ಆದದ್ದು. ಜೊತೆಗೆ ಪ್ರಾಟೆಸ್ಟಂಟ್ ಸಭೆಗಳಿವೆ. ಮನೆಮಾತು ಒಬ್ಬರದು ಕೊಂಕಣಿ, ಇನ್ನೊಬ್ಬರದು ತಮಿಳು, ಮತ್ತೊಬ್ಬರದು ಕನ್ನಡ. ಮದುವೆಯಾಗಿ ಕಳಸದ ಕಡೆ ತೋಟದ ಮನೆಗೆ ಬಂದ ಹುಡುಗಿಗೆ ಭಾನುವಾರ ಪೂಜೆ ಮುಗಿದದ್ದೇ ಜೀಪು ಹತ್ತಬೇಕು. ಯಾರ ಹೆಸರೂ ಗೊತ್ತಾಗುವುದಿಲ್ಲ. ಗ್ರೂಪ್ ಬೇಕಾಗಿರುವುದು ಅವಳಿಗೆ.

ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಬಹುದು. ಸೇರಿಸಬೇಡಿ. ಹದಿನೈದು, ಹೆಚ್ಚೆಂದರೆ ಇಪ್ಪತ್ತು. ಅದಕ್ಕಿಂತ ಹೆಚ್ಚಾದರೆ ಮಾತಾಡುವವರು ನಾಲ್ಕೇ ಜನ ಆಗುತ್ತಾರೆ, ಉಳಿದವರು ಓದಿ ಸುಮ್ಮನಾಗುತ್ತಾರೆ. ಜನ ಹೆಚ್ಚಿದ್ದರೆ 2022ರ ಕೊನೆಗೆ ಬಂದ ಕಮ್ಯುನಿಟಿ ಸೌಲಭ್ಯದಲ್ಲಿ ಎಲ್ಲರಿಗೂ ಒಂದು ಸೂಚನಾ ಗ್ರೂಪ್ ಇಟ್ಟು, ಕೆಳಗೆ ಊರುವಾರು ಚಿಕ್ಕ ಗ್ರೂಪ್ ಮಾಡಿ. ಪೂಜೆಯ ಸಮಯ, ಮಾರ್ಚ್ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನದ ವಿವರ ಎಲ್ಲ ಸೂಚನಾ ಗ್ರೂಪಿಗೆ. ಕಣ್ಣೀರಿನ ಮಾತು ಚಿಕ್ಕದಕ್ಕೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಪ್ರೇಯರ್ ರಿಕ್ವೆಸ್ಟ್ ವಿಷಯದಲ್ಲಿ. ಒಬ್ಬರು ಕಷ್ಟ ಹೇಳುತ್ತಾರೆ, ಇಪ್ಪತ್ತು 'ಆಮೆನ್' ಬೀಳುತ್ತದೆ, ಮೇಲೆ ಮೂರು ಫಾರ್ವರ್ಡ್ ವಿಡಿಯೊ. ಸಂಜೆ ನೋಡುವವರಿಗೆ ಮೂಲ ಮಾತೇ ಕಾಣುವುದಿಲ್ಲ. ಹೇಳಿಕೊಂಡವರಿಗೂ ಯಾರೂ ಕೇಳಿಸಿಕೊಂಡಿಲ್ಲ ಅನ್ನಿಸುತ್ತದೆ. ಅದಕ್ಕೆ 'ಆಮೆನ್' ಬರೆಯುವ ಬದಲು ಆ ಸಂದೇಶವನ್ನೇ ಒತ್ತಿ ಹಿಡಿದು ಕೈಮುಗಿದ ಚಿಹ್ನೆ ಹಾಕುವ ಅಭ್ಯಾಸ ಮಾಡಿಸಿ. ರಿಕ್ವೆಸ್ಟನ್ನು ಗ್ರೂಪಿನ ಮೇಲ್ತುದಿಯಲ್ಲೇ ನಿಲ್ಲುವಂತೆ ಪಿನ್ ಮಾಡಿ: 24 ಗಂಟೆ, 7 ದಿನ, 30 ದಿನ ಎಂದು ಆಯ್ಕೆ ಇದೆ. ಪಿನ್ ಕಳಚಿದ ದಿನ ಅಡ್ಮಿನ್ ಆದವರು ಅವರಿಗೆ ನೇರವಾಗಿ ಕರೆ ಮಾಡಲೇಬೇಕು. ಮೊದಲ ದಿನ ಎಲ್ಲರೂ ಕೇಳುತ್ತಾರೆ; ಎಂಟನೆಯ ದಿನ 'ಅಮ್ಮ ಹೇಗಿದ್ದಾರೆ?' ಎಂದು ಕೇಳಿದವರೇ ಕೊನೆವರೆಗೂ ನೆನಪಿರುತ್ತಾರೆ.

ಬರೆಯುವಾಗ ಕಾಯಿಲೆಯ ಹೆಸರು, ಗಂಡನ ಹೆಸರು, ಊರು ಮೂರೂ ಒಟ್ಟಿಗೆ ಬೇಡ. ಚಿಕ್ಕ ಊರಲ್ಲಿ ಅಷ್ಟು ಸಾಕು, ಮಾತು ಸಂತೆಗೆ ಮುಟ್ಟುತ್ತದೆ. ಡಿಸಪಿಯರಿಂಗ್ ಮೆಸೇಜ್ 7 ದಿನಕ್ಕೆ ಇಟ್ಟರೆ ಸಂದೇಶ ತಾನಾಗಿ ಅಳಿಯುತ್ತದೆ, ಆದರೆ ಅಷ್ಟರೊಳಗೆ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಅದು ತಡೆಯುವುದಿಲ್ಲ. ಮನೆಯೊಳಗಿನ ಹೊಡೆತ ಬಡಿತದ ವಿಷಯವಾದರೆ ಗ್ರೂಪಿಗೆ ತರಲೇಬಾರದು. ಒಬ್ಬ ಹಿರಿಯಕ್ಕನಿಗೆ ಹೇಳಲಿ. ಬರೀ ಪ್ರಾರ್ಥನೆ ಮಾಡಿ ಕೂರದೆ 181 ಮಹಿಳಾ ಸಹಾಯವಾಣಿಯ ನಂಬರನ್ನೂ ಕೊಡಬೇಕು.

ಟೈಪ್ ಮಾಡಲು ಬಾರದ ಅಜ್ಜಿಯರಿಗೆ ಧ್ವನಿ ಸಂದೇಶ ವರದಾನ. ಮೈಕ್ ಒತ್ತಿ ಮೇಲಕ್ಕೆ ಎಳೆದರೆ ಲಾಕ್ ಆಗುತ್ತದೆ, ಬೆರಳು ಹಿಡಿದೇ ಇರಬೇಕಿಲ್ಲ. ಒಂದು ನಿಮಿಷ ಮೀರದಿರಲಿ. ಜುಲೈ ಮಳೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು ಹೋಗಿ ನೆಟ್‌ವರ್ಕ್ ಸೊರಗಿದಾಗಲೂ ಅಷ್ಟು ಚಿಕ್ಕ ಧ್ವನಿ ಹೇಗೋ ತಲುಪುತ್ತದೆ. ವಿಡಿಯೊ ಕಾಲ್ ನಡುವೆಯೇ ನಿಂತುಹೋಗುತ್ತದೆ. ಗ್ರೂಪ್ ಕಾಲಿಗೆ 32 ಜನರ ಮಿತಿ ಇದೆ, ಮಣಿ ಎಣಿಸುತ್ತಾ ಎಲ್ಲರೂ ಸೇರಿ ಹೇಳುವ ಜಪಸರದ ಪ್ರಾರ್ಥನೆಗೆ ಅಷ್ಟು ಧಾರಾಳ. ಮುನ್ನಡೆಸುವವರನ್ನು ಬಿಟ್ಟು ಉಳಿದವರು ಮೈಕ್ ಮ್ಯೂಟ್ ಮಾಡಿಕೊಳ್ಳಲಿ. ಎಲ್ಲರೂ ಒಟ್ಟಿಗೆ ಹೇಳಿದರೆ ಒಬ್ಬೊಬ್ಬರ ದನಿ ಒಂದೊಂದು ಸೆಕೆಂಡ್ ಹಿಂದೆಮುಂದೆ ಬಂದು ಗೋಜಲಾಗುತ್ತದೆ.

ಆಸ್ಪತ್ರೆಗೆ ಊಟದ ಸರದಿ ಗೊತ್ತುಮಾಡುವುದು ಇನ್ನೊಂದು ಪೇಚು. ಆಲೂರು, ಅರಕಲಗೂಡಿನಿಂದ ಹಾಸನಕ್ಕೆ ಬಂದು ಅಡ್ಮಿಟ್ ಆದವರಿಗೆ ಹಾಸನದಲ್ಲೇ ಇರುವವರು ಗಂಜಿ, ಬಿಸಿನೀರು ಒಯ್ಯುವುದುಂಟು. ದಿನ ಆರಿಸಿಕೊಳ್ಳಲು ಪೋಲ್ ಹಾಕಿದರೆ ಮೂವರು ಸೋಮವಾರವನ್ನೇ ಒತ್ತುತ್ತಾರೆ, ಬುಧವಾರ ಯಾರೂ ಇರುವುದಿಲ್ಲ. ಪಟ್ಟಿ ಕಾಪಿ ಮಾಡಿ ಹೆಸರು ಸೇರಿಸಿ ಹಾಕಿದರೆ, ಇಬ್ಬರು ಒಂದೇ ಹೊತ್ತಿಗೆ ಹಾಕಿದಾಗ ಒಬ್ಬರ ಹೆಸರು ಬಿಟ್ಟುಹೋಗುತ್ತದೆ. ಒಬ್ಬರೇ ಎಲ್ಲರಿಗೂ ಫೋನ್ ಮಾಡಿ ದಿನ ಗೊತ್ತುಮಾಡಿ, ಕೊನೆಗೆ ಪಟ್ಟಿ ಹಾಕುವುದೇ ಸರಿ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಫೋನ್ ನಂಬರಿಗಾಗಿ. ಗ್ರೂಪಿಗೆ ಸೇರಿದವರ ನಂಬರ್ ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಗ್ರೂಪ್ ಪರ್ಮಿಷನ್‌ನಲ್ಲಿ ಹೊಸಬರನ್ನು ಅಡ್ಮಿನ್ ಒಪ್ಪಬೇಕು ಎಂಬ ಆಯ್ಕೆಯನ್ನು ಆನ್ ಮಾಡಿ, ಸೇರಿಸುವ ಮೊದಲು ಒಂದು ಸಲ ಮಾತಾಡಿ. ಲಿಂಕನ್ನು ಸ್ಟೇಟಸ್‌ಗೆ ಹಾಕಬೇಡಿ.

ಯಾರಾದರೂ ಗ್ರೂಪ್ ಬಿಟ್ಟರೆ ಸೂಚನೆ ಬರುವುದು ಅಡ್ಮಿನ್‌ಗಳಿಗೆ ಮಾತ್ರ. ಅವತ್ತೇ ಕರೆ ಮಾಡಿ. ಯಾಕೆ ಬಿಟ್ಟೆ, ಮತ್ತೆ ಸೇರು ಎನ್ನಬೇಡಿ. ಕಾಫಿ ಕೊಯ್ಲು ಮುಗಿಯಿತಾ, ಮಕ್ಕಳಿಗೆ ಹುಷಾರಾ ಎಂದು ಕೇಳಿ.