ಕಾಫಿ ಹೌಸೋ, ಕೋಶೀಸೋ? ಹಳೇ ಅಡ್ಡಾಗಳಿಗೆ ಮತ್ತೆ ಹೋದಾಗ

ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದಾಗ ಅದರ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದೇ ವರ್ಷ ಹಿಂದಿನ ಬೀದಿಯಲ್ಲೇ, ಚರ್ಚ್ ಸ್ಟ್ರೀಟ್‌ನ ಬ್ರಿಗೇಡ್ ಗಾರ್ಡನ್ಸ್ ಕಟ್ಟಡದಲ್ಲಿ, ಅದು ಮತ್ತೆ ಶುರುವಾಯಿತು. ಊರು ಬಿಟ್ಟಿದ್ದ ನನಗೆ ಅಲ್ಲಿಗೆ ಸಮಾಧಾನವಾಗಿ ಹೋಗಲು ಆಗಿದ್ದು ಈಚೆಗೆ. ಜೊತೆಗೆ ಮಗಳಿದ್ದಳು. ಅದೇ ಓಡಾಟದಲ್ಲಿ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೂ ಹೋದೆವು. ಹೊಸದಾಗಿ ಮತ್ತೆ ತೆರೆದ ಇನ್ನೊಂದು ಹಳೇ ಹೋಟೆಲ್ಲಿಗೂ ಹೋದೆವು. ಅದರ ಹೆಸರು ಬೇಡ.

ನಮ್ಮ ಕಾಲೇಜಿನ ದಿನಗಳಲ್ಲಿ ಕಂಟೋನ್ಮೆಂಟ್ ಕಡೆ ಹರಟೆಗೆ ಕೂರುವವರಲ್ಲಿ ಎರಡು ಗುಂಪು ಇತ್ತು. ಜೇಬಿನಲ್ಲಿ ಸ್ವಲ್ಪ ದುಡ್ಡಿದ್ದವರು, ಪತ್ರಿಕೆಯವರು, ನಾಟಕದವರು, ವಕೀಲರು ಕೋಶೀಸ್‌ಗೆ ಹೋಗುತ್ತಿದ್ದರು. ಒಂದು ಕಾಫಿಗೆ ಲೆಕ್ಕ ಹಾಕುವ ನಮ್ಮಂಥವರು ಕಾಫಿ ಹೌಸ್‌ಗೆ. ಈಗಲೂ ಈ ವ್ಯತ್ಯಾಸ ಹಾಗೇ ಇದೆ. ಕಾಫಿ ಹೌಸ್‌ನಲ್ಲಿ ಇಬ್ಬರು ಹೊಟ್ಟೆ ತುಂಬ ತಿಂದರೂ ಬಿಲ್ಲು ನೋಡಿ ಬೆಚ್ಚಿಬೀಳಬೇಕಿಲ್ಲ. ಕೋಶೀಸ್‌ಗೆ ಹೋಗುವಾಗ ಅದಕ್ಕಿಂತ ಚೆನ್ನಾಗಿ ಖರ್ಚು ಮಾಡುವ ತಯಾರಿ ಇರಬೇಕು.

ಮೊದಲು ಕಾಫಿ. ಕಾಫಿ ಹೌಸ್‌ನದು ದರ್ಶಿನಿ ಕಾಫಿಯ ಜಾತಿಯದಲ್ಲ. ದರ್ಶಿನಿಯಲ್ಲಿ ಸ್ಟೀಲ್ ಲೋಟ, ಗಟ್ಟಿ ಡಿಕಾಕ್ಷನ್, ನಿಂತೇ ನಾಲ್ಕು ಗುಟುಕು, ಮುಗಿಯಿತು. ಇಲ್ಲಿ ಪಿಂಗಾಣಿ ಕಪ್ಪು, ಸಾಸರ್, ಹದವಾದ ಕಾಫಿ. ಮಾತಾಡುತ್ತಾ ಕುಡಿಯುವುದಕ್ಕೇ ಮಾಡಿದ್ದು. ಹಳೇ ರುಚಿ ಇದೆಯಾ ಅಂತ ಕೇಳಿದರೆ, ಇದೆ. ಕೋಶೀಸ್‌ನ ಕಾಫಿಯೂ ಚೆನ್ನಾಗಿದೆ. ಆದರೆ ಅಲ್ಲಿ ಕಾಫಿ ಊಟದ ಹಿಂದೆ ಬರುತ್ತದೆ. ಕಾಫಿಗೋಸ್ಕರವೇ ಮನೆಯಿಂದ ಹೊರಡಬೇಕು ಅನ್ನಿಸುವುದು ಕಾಫಿ ಹೌಸ್‌ಗೆ ಮಾತ್ರ.

ಮೊಟ್ಟೆಯ ವಿಚಾರ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಮ್ಮ ಮನೆಯೊಳಗೆ ಮೊಟ್ಟೆ ಬರುತ್ತಿರಲಿಲ್ಲ. ಬಸವನಗುಡಿ, ಮಲ್ಲೇಶ್ವರದ ನಮ್ಮ ಹೋಟೆಲ್‌ಗಳೆಲ್ಲ ಶುದ್ಧ ಸಸ್ಯಾಹಾರಿ. ಕಾಫಿ ಹೌಸ್‌ನಲ್ಲಿ ಮಾತ್ರ ಒಂದೇ ಟೇಬಲ್ ಮೇಲೆ ಒಬ್ಬನ ಮಸಾಲೆ ದೋಸೆ, ಇನ್ನೊಬ್ಬನ ಆಮ್ಲೆಟ್, ಮತ್ತೊಬ್ಬಳ ಕಟ್ಲೆಟ್ ಒಟ್ಟಿಗೆ ಬರುತ್ತಿತ್ತು. ಯಾರೂ ಯಾರ ಪ್ಲೇಟನ್ನೂ ಓರೆಗಣ್ಣಿನಲ್ಲಿ ನೋಡುತ್ತಿರಲಿಲ್ಲ. ಬೇರೆ ಬೇರೆ ಮನೆಗಳ ಹುಡುಗ ಹುಡುಗಿಯರು ಒಟ್ಟಿಗೆ ಕೂತು ತಿನ್ನುವುದನ್ನು ಕಲಿತಿದ್ದು ಅಲ್ಲಿ. ನನ್ನ ಮೊದಲ ಸ್ಕ್ರಾಂಬಲ್ಡ್ ಎಗ್ ಕೂಡ ಅಲ್ಲಿಯದೇ, ಟೋಸ್ಟ್ ಮೇಲೆ ಹರಡಿದ್ದು. ಈ ಸಲವೂ ಅದನ್ನೇ ಹೇಳಿದೆ. ಮೆತ್ತಗೆ, ಒಂಚೂರು ಒದ್ದೆಯಾಗಿ, ಮೆಣಸಿನಪುಡಿ ಉದುರಿಸಿಕೊಂಡು ತಿಂದರೆ ಬೇರೇನೂ ಬೇಡ. ಮಗಳು ಅರ್ಧ ಕಿತ್ತುಕೊಂಡಳು.

ದೋಸೆ? ಪರವಾಗಿಲ್ಲ, ಹಸಿವಿಗೆ ಆಗುತ್ತದೆ. ದೋಸೆಯೇ ಬೇಕು ಅನ್ನುವವರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ. 1943ರಿಂದ ಅವರ ಕೆಲಸವೇ ಅದು. ಶುಕ್ರವಾರ ರಜೆ, ನೆನಪಿರಲಿ.

ಊಟದ ವಿಷಯಕ್ಕೆ ಬಂದರೆ ಕೋಶೀಸ್ ಮುಂದೆ. ಪಿ.ಒ. ಕೋಶಿಯವರು 1940ರಲ್ಲಿ ಬೇಕರಿಯಾಗಿ ಶುರು ಮಾಡಿದ್ದು ಅದು. ಕೇರಳದ ಸಿರಿಯನ್ ಕ್ರಿಶ್ಚಿಯನ್ ಅಡುಗೆ ಮತ್ತು ಹಳೇ ಕಂಟೋನ್ಮೆಂಟಿನ ಇಂಗ್ಲಿಷ್ ಅಡುಗೆ ಎರಡೂ ಒಂದೇ ಮೆನುವಿನಲ್ಲಿವೆ. ಅಪ್ಪಂ ಸ್ಟ್ಯೂ ಇದೆ, ಲಿವರ್ ಆನ್ ಟೋಸ್ಟ್ ಇದೆ, ಮಕ್ಕಳಿಗೆ ನಗುಮುಖದ ಆಲೂಗಡ್ಡೆ ಸ್ಮೈಲಿ ಇದೆ. ಅಪ್ಪಂನ ನಡುಭಾಗವನ್ನು ಸ್ಟ್ಯೂನಲ್ಲಿ ನೆನೆಸಿ ಕೊನೆಗೆ ತಿನ್ನಬೇಕು. ಆ ಸುಖವನ್ನು ಕಾಫಿ ಹೌಸ್ ಕೊಡಲಾರದು.

ಕೂರುವ ಜಾಗದಲ್ಲೂ ಕೋಶೀಸ್‌ಗೇ ನನ್ನ ಮತ. ಎತ್ತರದ ಛಾವಣಿ, ಫ್ಯಾನು, ಬೀದಿಗೆ ತೆರೆದ ಕಿಟಕಿ. ಹೋಟೆಲ್ ಇದ್ದಲ್ಲೇ ಇದೆ, ನೆನಪುಗಳೂ ಇದ್ದಲ್ಲೇ ಇವೆ. ಕಾಫಿ ಹೌಸ್‌ನಲ್ಲಿ ನನಗೆ ಬಹಳ ಕಾಡಿದ್ದು ಇದೇ. ಹಳೇದರಲ್ಲಿ ಕೂತರೆ ಎಂ.ಜಿ. ರಸ್ತೆಯೇ ಎದುರಿಗೆ. ಪ್ಲಾಜಾದಲ್ಲಿ ಸಿನಿಮಾ ನೋಡಿ ಬಂದವರು, ಹಿಗ್ಗಿನ್‌ಬಾಥಮ್ಸ್‌ನಿಂದ ಪುಸ್ತಕ ಹಿಡಿದು ಬಂದವರು, ಎಲ್ಲರೂ ಕಾಣುತ್ತಿದ್ದರು. ಈಗ ಪ್ಲಾಜಾ ಇಲ್ಲ. 2011ರಲ್ಲಿ ಮೆಟ್ರೊ ಬಂದು ಆ ರಸ್ತೆಯ ಮುಖವೇ ಬದಲಾಗಿದೆ. ಕಾಫಿ ಹೌಸ್ ಅಲ್ಲೇ ಇದ್ದಿದ್ದರೂ ಆ ನೋಟ ಸಿಗುತ್ತಿರಲಿಲ್ಲ, ಗೊತ್ತು. ಆದರೂ ಸಂಕಟ ಸಂಕಟವೇ ಅಲ್ವಾ?

ಇನ್ನು ಆ ಮೂರನೇ ಹೋಟೆಲ್. ಗೋಡೆ ತುಂಬ ಹಳೇ ಫೋಟೊ, ಹಿತ್ತಾಳೆ ದೀಪ, ಹಳೇ ಅಕ್ಷರದ ಬೋರ್ಡು. ನೋಡಲು ಮೂರರಲ್ಲಿ ಅದೇ ಚೆಂದ. ಆದರೆ ಮಾಲೀಕರು ಬೇರೆ, ಅಡುಗೆಯವರು ಬೇರೆ. ಸಾಗು ಬಾಯಿಗಿಟ್ಟರೆ ಯಾವ ಊರಿನದು ಅಂತ ಗೊತ್ತಾಗಲಿಲ್ಲ. "ಅಪ್ಪಾ, ಇಲ್ಲಿ ನಿನಗೆ ಯಾರಾದರೂ ಗೊತ್ತಾ?" ಅಂತ ಮಗಳು ಕೇಳಿದಳು. ಯಾರೂ ಇರಲಿಲ್ಲ. ಹೆಸರನ್ನು ದುಡ್ಡು ಕೊಟ್ಟು ತಂದಿದ್ದರು, ಅಷ್ಟೇ.

ಕಾಫಿ ಹೌಸ್ ಹೀಗಾಗದೆ ಉಳಿದಿದ್ದು ಅದರ ಹುಟ್ಟಿನಿಂದ ಅಂತ ನನ್ನ ಬಲವಾದ ನಂಬಿಕೆ. ಮೊದಲು ಈ ಕಾಫಿ ಹೌಸ್‌ಗಳು ಸರ್ಕಾರದ ಕಾಫಿ ಬೋರ್ಡಿನವು. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬೀಳುವ ಸ್ಥಿತಿ ಬಂತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಆ ಕೆಲಸಗಾರರ ಬೆನ್ನಿಗೆ ನಿಂತರು. ನೀವೇ ನಡೆಸಿ ಅಂದರು. 1957ರ ಆಗಸ್ಟ್‌ನಲ್ಲಿ ಕೆಲಸಗಾರರ ಸಹಕಾರ ಸಂಘ ಹುಟ್ಟಿತು, ಅದೂ ನಮ್ಮ ಬೆಂಗಳೂರಿನಲ್ಲೇ. ಅಂದರೆ ಕಾಫಿ ತಂದಿಡುವವರದೇ ಹೋಟೆಲ್. 2009ರಲ್ಲಿ ಕೈಬಿಟ್ಟು ಹೋಗಿದ್ದು ಕಟ್ಟಡ ಮಾತ್ರ. ಬಿಳಿ ಸಮವಸ್ತ್ರ, ಪೇಟ, ಅಗಲವಾದ ಸೊಂಟಪಟ್ಟಿ, ಮೆನು, ದರ ಹಾಕುವಾಗಿನ ಸಂಕೋಚ, ಎಲ್ಲ ಚರ್ಚ್ ಸ್ಟ್ರೀಟ್‌ಗೆ ನಡೆದುಕೊಂಡು ಬಂದವು. ಒಬ್ಬ ಮಾಲೀಕನ ಹೋಟೆಲ್ ಆಗಿದ್ದರೆ ಪರಿಹಾರ ತೆಗೆದುಕೊಂಡು ಸುಮ್ನೆ ಕೂರುತ್ತಿದ್ದನೇನೋ. ಕೂಲಿಯೇ ಆಧಾರವಾಗಿರುವವರು ಹಾಗೆ ಕೂರಲು ಆಗುತ್ತದಾ?

ಮಗಳ ಆಯ್ಕೆ ಕೋಶೀಸ್. ಅವಳಿಗೆ ಅಪ್ಪಂ ಮತ್ತು ಕಿಟಕಿ ಸಾಕು, ಅವಳ ಮಾತೂ ಸರಿಯೇ. ನನ್ನ ಆಯ್ಕೆ ಕಾಫಿ ಹೌಸ್. ಅಲ್ಲಿ ಕೊಡುವ ದುಡ್ಡು ಬಡಿಸಿದವರಿಗೇ ಸೇರುತ್ತದೆ ಅನ್ನುವುದು ನನಗೆ ದೊಡ್ಡದು.

ನೀವು ಹೋಗುವುದಾದರೆ ಎರಡೂ ಮಾಡಬಹುದು, ದೂರವೇನಿಲ್ಲ. ವಾರದ ನಡುವೆ ಹೋಗಿ, ಭಾನುವಾರ ಬೇಡ. ಬೆಳಿಗ್ಗೆ ಕಾಫಿ ಹೌಸ್‌ನಲ್ಲಿ ಸ್ಕ್ರಾಂಬಲ್ಡ್ ಎಗ್, ಟೋಸ್ಟ್, ಕಾಫಿ. ಗುರುತಿಲ್ಲದವರು ಎದುರಿಗೆ ಬಂದು ಕೂತರೆ ಜಾಗ ಕೊಡಿ, ಅಲ್ಲಿನ ರೂಢಿ ಅದು. ಆಮೇಲೆ ಅದೇ ಬೀದಿಯ ಬ್ಲಾಸಮ್‌ನಲ್ಲಿ ಹಳೇ ಪುಸ್ತಕ ಹುಡುಕಿ. ಹಸಿವಾದ ಮೇಲೆ ಚರ್ಚ್ ಸ್ಟ್ರೀಟ್‌ನ ಕೊನೆವರೆಗೆ ನಡೆದರೆ ಸೇಂಟ್ ಮಾರ್ಕ್ಸ್ ರಸ್ತೆ ಸಿಗುತ್ತದೆ. ಕೋಶೀಸ್‌ನಲ್ಲಿ ಊಟ ಮಾಡಿ. ಕಿಟಕಿ ಪಕ್ಕದ ಟೇಬಲ್ ಖಾಲಿಯಾಗುವವರೆಗೆ ಕಾದರೂ ನಷ್ಟವಿಲ್ಲ.