ಗಲೀಚೆ ತೊಳೆದ ನೀರು ಎಲ್ಲಿಗೆ ಹೋಯಿತು?

ನಮ್ಮ ಗಲೀಚೆ ಉತ್ತರ ಪ್ರದೇಶದ ಭದೋಹಿಯದು. ಉಣ್ಣೆಯದು, 6 ಅಡಿಗೆ 8 ಅಡಿ. ನಮ್ಮ ಮನೆಯವರು ರೈಲ್ವೆಯಲ್ಲಿದ್ದಾಗ ಆ ಕಡೆಯಿಂದ ಹೊತ್ತು ತಂದದ್ದು. ಕಲಬುರಗಿಯ ಬೇಸಿಗೆ ಧೂಳು, ಮಳೆಗಾಲದ ಎರೆಮಣ್ಣು, ಮೊಮ್ಮಗ ಚೆಲ್ಲಿದ ಚಹಾ, ಎಲ್ಲಾ ಅದರ ಹೊಟ್ಟೆಯಲ್ಲಿತ್ತು.

ಹೋದ ವರ್ಷ ಅದನ್ನು ತೊಳೆಯಲು ಒಬ್ಬ ಬಂದಿದ್ದ. ಬಾಗಿಲ ಮುಂದೆ ಹಾಸಿ, ಬಟ್ಟೆ ಸೋಡಾ ಹಾಕಿ ತಿಕ್ಕಿದ. ನೊರೆ ನೀರೆಲ್ಲಾ ಗಟಾರಕ್ಕೆ ಬಿಟ್ಟ. ಓಣಿ ತುದಿವರೆಗೂ ನೊರೆ. ಎದುರು ಮನೆಯವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗಲೀಚೆಯೂ ಒರಟಾಯಿತು. ಉಣ್ಣೆಗೆ ಸೋಡಾ ಆಗಿಬರುವುದಿಲ್ಲ ಅಂತ ನನಗೆ ಗೊತ್ತಾದದ್ದೇ ಆಮೇಲೆ.

ಈ ಸಲ ಸೇಡಂ ರಸ್ತೆ ಕಡೆಯಿಂದ ಇಬ್ಬರು ಹುಡುಗರು ಬಂದರು. ಹತ್ತಕ್ಕೆ ಅಂದವರು ಬಂದದ್ದು ಹನ್ನೆರಡೂವರೆಗೆ. ಅದಕ್ಕೆ ಒಂದು ಸ್ಟಾರ್ ಕಡಿಮೆ. ಆದರೆ ಕೆಲಸ ನೋಡಬೇಕಿತ್ತು. ಮೊದಲು ಮಗುಚಿ ಹಾಕಿ ಬಡಿದರು, ಆಮೇಲೆ ವ್ಯಾಕ್ಯೂಮ್ ಹಿಡಿದರು. ಒಣ ಧೂಳು ಹೋದಷ್ಟೂ ಕಡಿಮೆ ನೀರು ಸಾಕಂತೆ. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಮಷೀನು ಉಗುರುಬೆಚ್ಚಗಿನ ನೀರು ಚಿಮ್ಮಿಸಿ, ಕೂಡಲೇ ವಾಪಸ್ ಎಳೆದುಕೊಳ್ಳುತ್ತಿತ್ತು. ಮೂರು ಬಕೆಟ್ ನೀರಲ್ಲಿ ಮುಗಿಯಿತು. ವಾಪಸ್ ಬಂದ ನೀರು ಥೇಟ್ ಹುಣಸೆಹಣ್ಣಿನ ರಸ!

ಹುಡುಗ ಆ ಬಕೆಟ್ ಎತ್ತಿದ. ನನಗೆ ಹೋದ ವರ್ಷದ್ದೇ ನೆನಪು.

"ತಮ್ಮಾ, ಗಟಾರಕ್ಕ ಬ್ಯಾಡಪ್ಪಾ."

"ಇಲ್ರೀ ಅಮ್ಮಾ, ಸೋಸಿ ಸಂಡಾಸಿಗಿ ಹಾಕ್ತೀವ್ರೀ."

ಬಟ್ಟೆ ಕಟ್ಟಿ ಸೋಸಿದ. ಕೂದಲು, ಉಣ್ಣೆ ಎಳೆ, ಮಣ್ಣು ಸೇರಿ ಒಂದು ಬೊಗಸೆ. ಅದು ಕಸದ ಚೀಲಕ್ಕೆ ಹೋಯಿತು. ತೆರೆದ ಗಟಾರದ ನೀರು ಹಾಗೇ ಹಳ್ಳ ಸೇರುತ್ತದೆ. ಒಳಚರಂಡಿಗೆ ಬಿದ್ದರೆ ಶುದ್ಧೀಕರಣದ ದಾರಿಯಾದರೂ ಇದೆ, ಅಲ್ವಾ? ಮಲ್ಲಿಗೆ ಬಳ್ಳಿಗೆ ಒಂದು ಬಕೆಟ್ ಹಾಕಲೇ ಅಂತ ಕೇಳಿದೆ. ಸಾಬೂನು ಅದ, ಬ್ಯಾಡ್ರೀ ಅಂದ.

ಒಂದು ಮಾತ್ರ ಸರಿಬರಲಿಲ್ಲ. ಸಾಬೂನಿನ ಡಬ್ಬಿ ಮೇಲೆ ಹಸಿರು ಎಲೆಯ ಚಿತ್ರ ಇತ್ತು, ಒಳಗೆ ಏನೇನಿದೆ ಅಂತ ಒಂದು ಸಾಲೂ ಇರಲಿಲ್ಲ. ಎಲೆ ಬರೆಯಲು ಯಾರಿಗೆ ಬರುವುದಿಲ್ಲ? ಹುಡುಗರಿಗೂ ಗೊತ್ತಿರಲಿಲ್ಲ.

ಚದರ ಅಡಿಗೆ 18 ರೂಪಾಯಿ, ಒಟ್ಟು 864. ಜಾಸ್ತಿಯೇ. ಮಾಳಿಗೆಯ ಮೇಲೆ ನೆರಳಲ್ಲಿ ಹಾಕಿದ್ದು ಮಾರನೇ ದಿನ ಮಧ್ಯಾಹ್ನಕ್ಕೆ ಒಣಗಿತ್ತು. ಕಾಲಿಟ್ಟರೆ ಮೆತ್ತಗಿದೆ. ಚಹಾದ ಕಲೆ ಪೂರ್ತಿ ಹೋಗಿಲ್ಲ, ಅದರ ಮೇಲೆ ಟೀಪಾಯಿ ಇಟ್ಟಿದ್ದೇನೆ.